ಜೇಕು, ಜಾಕು ಮತ್ತು ಬಾಕಿ ಉಳಿದ ಒಂದು ‘ರಿ’

ತನ್ನ ಮದುವೆಯ ಊಟದ ಪಂಕ್ತಿಯಲ್ಲಿ, ಬಾಸಿಂಗ ಇನ್ನೂ ಹಣೆಯ ಮೇಲಿರುವಾಗಲೇ, ಹೆಂಡತಿಯ ಅಣ್ಣ ಮಾರೇಶ ‘ಲೇ ಹೊನ್ನೂರ, ಆಕಡೆ ಸರಿದು ಕುಂದ್ರಲೇ’ ಅಂದದ್ದನ್ನು ಹೊನ್ನೂರಪ್ಪ ಇವತ್ತಿಗೂ ಮರೆತಿಲ್ಲ. ಆ ಮದುವೆಯಲ್ಲಿ ಸಾರು ಉಪ್ಪಾಗಿತ್ತು, ಅದನ್ನು ಮರೆತ. ಬಾಜಾದವರು ಅರ್ಧಕ್ಕೇ ಎದ್ದು ಹೋದರು, ಅದನ್ನೂ ಮರೆತ. ಈ ‘ಲೇ’ ಮಾತ್ರ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲೇ ಕೂತುಬಿಟ್ಟಿತು.

ಇದೇನು ಅಂಥಾ ದೊಡ್ಡ ಮಾತು ಅನ್ನುವವರು ಹೊಸಪೇಟೆ ಸೀಮೆಯಲ್ಲಿ ಹುಟ್ಟಿದವರಲ್ಲ. ಇಲ್ಲಿ ಮಾತಿನ ಬಾಲಕ್ಕೆ ಒಂದು ‘ರಿ’ ಹಚ್ಚಿದರೆ ಮನುಷ್ಯನಿಗೆ ಕುರ್ಚಿ ಹಾಕಿದ ಹಾಗೆ, ‘ಲೇ’ ಅಂದರೆ ಇದ್ದ ಕುರ್ಚಿ ಎಳೆದ ಹಾಗೆ. ಹೆಣ್ಣು ಕೊಟ್ಟ ಮನೆಯವರು ಅಳಿಯನಿಗೆ ‘ಬರ್ರಿ, ಕುಂದ್ರಿ, ಉಣ್ರಿ’ ಅನ್ನಬೇಕು. ಮಾವ ಅಂದ. ಅತ್ತೆ ಅಂದಳು. ಅವರ ಮನೆಯ ಎಮ್ಮೆ ಮೇಯಿಸುವ ಮುದುಕ ಕೂಡ ಅಂದ. ಮಾರೇಶ ಅನ್ನಲಿಲ್ಲ.

‘ನಾಕನೇತ್ತದ ತನಕ ಒಂದೇ ಹಲಗಿ ಮ್ಯಾಲೆ ಕುಂತೀವಿ. ನನ್ನ ಬಳಪ ಕದ್ದು ತಿಂದೋನಿಗೆ ರಿ ಅನ್ಲೇನು? ನನಗಿಂತ ಸಣ್ಣೋನು ಬ್ಯಾರೆ’ ಎನ್ನುವುದು ಅವನ ವಾದ.

ಬಳಪ ತಿಂದದ್ದು ನಿಜ. ನಾಲ್ಕನೆಯ ತರಗತಿಗೆ ಕಂಪ್ಲಿಯ ಶಾಲೆ ಬಿಟ್ಟದ್ದೂ ನಿಜ. ಹೊನ್ನೂರಪ್ಪ ಅಲ್ಲಿಂದ ಹೊಸಪೇಟೆಗೆ ಬಂದು, ಗ್ಯಾರೇಜಿನಲ್ಲಿ ನಟ್ಟು ಬಿಚ್ಚುವ ಪಾನಾ ಎತ್ತಿಕೊಡುತ್ತ ಕೆಲಸ ಕಲಿತ. ಅದಿರಿನ ಲಾರಿಗಳು ಸಂಡೂರಿನ ಗುಡ್ಡದಿಂದ ಇರುವೆ ಸಾಲಿನಂತೆ ಇಳಿಯುತ್ತಿದ್ದ ಕಾಲದಲ್ಲಿ ಸ್ವಂತ ಗ್ಯಾರೇಜು ಹಾಕಿದ. ಲಾರಿಗಳು ಕಡಿಮೆಯಾದ ಮೇಲೆ ಟ್ರ್ಯಾಕ್ಟರು, ಟಂಟಂ, ಕೈಗೆ ಸಿಕ್ಕಿದ್ದನ್ನೆಲ್ಲ ರಿಪೇರಿ ಮಾಡಿದ. ಚಿತ್ತವಾಡ್ಗಿಯಲ್ಲಿ ಮನೆ ಕಟ್ಟಿದ. ಕೆಲಸಗಾರ ಒಳ್ಳೆಯವನೇ, ಸಿಟ್ಟು ಮಾತ್ರ ಸೈಲೆನ್ಸರ್ ಇಲ್ಲದ ಗಾಡಿ. ಸಿಟ್ಟು ಬಂದರೆ ಕೈಯಲ್ಲಿದ್ದ ಪಾನಾ ಬೀಸಿ ಒಗೆಯುತ್ತಾನೆ. ಆಮೇಲೆ ತಾನೇ ಹೋಗಿ ಹುಡುಕಿ ತರುತ್ತಾನೆ, ಯಾಕೆಂದರೆ ಬೇರೆ ಯಾರೂ ತಂದುಕೊಡುವುದಿಲ್ಲ.

ಇಂಥವನಿಗೆ ಲಾನಿನ ಹುಚ್ಚು ಹತ್ತಿದ್ದು ಸಂಡೂರಿನಲ್ಲಿ. ಯಾವುದೋ ಕಂಪನಿಯ ಗೆಸ್ಟ್ ಹೌಸಿಗೆ ಜೀಪು ರಿಪೇರಿಗೆ ಹೋದವನು, ಕೆಲಸ ಮುಗಿಸಿ, ಅಲ್ಲಿದ್ದ ಹಸಿರು ಲಾನಿನ ಮೇಲೆ ಬುತ್ತಿ ಬಿಚ್ಚಿ ಕೂತ. ವಾಚ್‌ಮನ್ ಸೀಟಿ ಊದಿದ. ‘ಏಯ್, ಹುಲ್ಲಿನ ಮ್ಯಾಲಿಂದ ಏಳು. ಅದು ಸಾಹೇಬ್ರು ಕುಂದ್ರೋ ಜಾಗ’ ಅಂದ. ಹೊನ್ನೂರಪ್ಪ ರೊಟ್ಟಿ ಅರ್ಧಕ್ಕೇ ಕಟ್ಟಿಕೊಂಡು ಎದ್ದ. ಚಿತ್ತವಾಡ್ಗಿಗೆ ಬಂದವನೇ ಹೆಂಡತಿ ಹುಲುಗಮ್ಮನಿಗೆ, ‘ನಮ್ಮ ಅಂಗಳದಾಗೂ ಹುಲ್ಲು ಹಾಕ್ಸೋದು. ನಮ್ಮ ಹುಲ್ಲಿನ ಮ್ಯಾಲೆ ನಾವ ಕುಂತು ಉಣ್ಣೋದು’ ಎಂದು ಹೇಳಿಬಿಟ್ಟ.

‘ಎಮ್ಮಿ ಇಲ್ಲ, ಆಕಳಿಲ್ಲ, ಹುಲ್ಲು ಯಾರಿಗ್ರಿ?’ ಅಂದಳು ಹುಲುಗಮ್ಮ.

‘ನನಗ’ ಅಂದ.

‘ಹಂಗಾದ್ರ ನಾಳಿಂದ ರೊಟ್ಟಿ ಬಡಿಯಾಂಗಿಲ್ಲ’ ಅಂದು ಒಳಗೆ ಹೋದಳು.

ಅಂಗಳವೆಂದರೆ ಒಂದು ಲಾರಿಯ ತಾಡಪಾಲು ಹಾಸಿದರೆ ಮುಚ್ಚಿಹೋಗುವಷ್ಟು ಜಾಗ. ಕೆಂಪು ಗೊರಚು ನೆಲ, ಹುಲ್ಲು ಹಿಡಿಯುವಂಥದಲ್ಲ. ಒಳ್ಳೆಯ ಮಣ್ಣು ಬೇಕಾಯಿತು. ಸುದ್ದಿ ಕಂಪ್ಲಿಗೆ ಮುಟ್ಟಿತು. ಮಾರೇಶ ತನ್ನ ಭತ್ತದ ಗದ್ದೆಯಿಂದ ಒಂದು ಟ್ರ್ಯಾಕ್ಟರ್ ಕಪ್ಪು ಮಣ್ಣು ತುಂಬಿಕೊಂಡು ತಾನೇ ಓಡಿಸಿಕೊಂಡು ಬಂದು ಅಂಗಳಕ್ಕೆ ಸುರಿದ.

‘ಪುಕ್ಕಟೆ ಐತಿ ತಗೋಲೇ ಹೊನ್ನೂರ. ಇದು ಮಣ್ಣಲ್ಲ, ಬಂಗಾರ’ ಅಂದ, ಬೀದಿಯ ಮಂದಿಗೆಲ್ಲ ಕೇಳುವ ಹಾಗೆ. ಮಣ್ಣು ಚೆನ್ನಾಗಿತ್ತು, ‘ಲೇ’ ಚೆನ್ನಾಗಿರಲಿಲ್ಲ. ಹೊನ್ನೂರಪ್ಪ ಎರಡನ್ನೂ ಇಳಿಸಿಕೊಂಡ.

ಕಮಲಾಪುರದ ದಾರಿಯ ನರ್ಸರಿಯಿಂದ ಚಾಪೆಯಂತೆ ಕತ್ತರಿಸಿದ ಹುಲ್ಲು ಬಂತು. ಹಾಸಿ, ತುಳಿದು, ದಿನಾ ಸಂಜೆ ಪೈಪು ಹಿಡಿದು ನೀರು ಬಿಟ್ಟ. ಮುಂಗಾರಿನ ಎರಡು ಮಳೆ ಬಿದ್ದ ಮೇಲೆ ಒಂದು ಸೋಜಿಗ ಕಂಡಿತು. ಹಾಸಿದ ಹುಲ್ಲು ನೆಲಕ್ಕಂಟಿ ಮಲಗಿದ್ದರೆ, ಅದರ ನಡುವೆ ಅಲ್ಲಲ್ಲಿ ಒಂದೊಂದು ಎಳೆ ಮಿರಿಮಿರಿ ಮಿಂಚುತ್ತ ಸೆಟೆದು ನಿಂತಿತ್ತು. ಕತ್ತರಿಸಿದರೆ ಮಿಕ್ಕ ಹುಲ್ಲು ಏಳುವ ಮೊದಲೇ ಅದು ಗೇಣುದ್ದ ಎದ್ದಿರುತ್ತಿತ್ತು. ಹೊನ್ನೂರಪ್ಪ ಹಿಗ್ಗಿದ. ಈ ಜಾತಿಯೇ ಅಸಲಿ, ಮಿಕ್ಕದ್ದು ನರ್ಸರಿಯವನ ಮೋಸ ಎಂದು ತೀರ್ಮಾನಿಸಿದ. ಆ ಎಳೆಗಳ ಬುಡಕ್ಕೇ ಹುಡುಕಿ ಹುಡುಕಿ ಯೂರಿಯಾ ಹಾಕಿದ.

ಮಾರೇಶ ಒಂದು ದಿನ ಬಂದವನು ಅದನ್ನು ನೋಡಿದ. ಭತ್ತ ಬೆಳೆಯುವವನಿಗೆ ಅದು ಏನೆಂದು ಗೊತ್ತಾಗದೆ ಇರುತ್ತದೆಯೇ? ಆದರೂ ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ.

‘ಮಸ್ತ್ ಬಂದೈತಿ ಲೇ. ನೀರು ಇನ್ನೂ ಜಾಸ್ತಿ ಬಿಡು. ದಿನಾ ಬಿಡು’ ಅಂದ. ಚಹಾ ಕುಡಿದ. ಗೇಟು ದಾಟಿದ ಮೇಲೆ ಟ್ರ್ಯಾಕ್ಟರಿನ ಮೇಲೆ ಕೂತು ಒಬ್ಬನೇ ನಗುತ್ತ ಹೋದದ್ದನ್ನು ಹುಲುಗಮ್ಮ ನೋಡಿದಳು. ಅಣ್ಣನ ನಗು ಆಕೆಗೆ ಚಿಕ್ಕಂದಿನಿಂದ ಗೊತ್ತು, ಯಾವುದೋ ಕಿಡಿಗೇಡಿತನದ್ದೇ ಅಂದುಕೊಂಡಳು.

ಗುಟ್ಟು ಬಿಟ್ಟುಕೊಟ್ಟದ್ದು ಪಕ್ಕದ ಮನೆಯ ಗಂಗಾಬಾಯಿ. ಶಾಲೆಯ ಮಾಸ್ತರಿಕೆಯಿಂದ ನಿವೃತ್ತಿಯಾದ ಈ ಆಚಾರದ ಹೆಂಗಸು ಎಲ್ಲರಿಗೂ ‘ರಿ’ ಹಚ್ಚುವವಳು. ಬೀದಿನಾಯಿಗೂ ‘ಹೋಗ್ರಿ ಆಕಡೆ’ ಅನ್ನುವವಳು. ಅದಕ್ಕೇ ಹೊನ್ನೂರಪ್ಪನಿಗೆ ಆಕೆಯನ್ನು ಕಂಡರೆ ಗೌರವ. ಒಂದು ಬೆಳಿಗ್ಗೆ ತುಳಸಿಗೆ ನೀರು ಹಾಕುತ್ತ ಆಕೆ ಗೋಡೆಯಾಚೆಯಿಂದ ಕರೆದಳು.

‘ಹೊನ್ನೂರಪ್ಪ, ನಿಮ್ಮ ಹುಲ್ಲಿನಾಗ ಜೇಕು ಅದ ನೋಡ್ರಿ.’

ಗ್ಯಾರೇಜಿನಿಂದ ಗಾಡಿ ಎತ್ತುವ ಒಂದು ಜಾಕು ಕಳೆದುಹೋಗಿತ್ತು. ಅದಕ್ಕಾಗಿ ಆತ ಅಕ್ಕಪಕ್ಕದ ಅಂಗಡಿಯವರನ್ನೆಲ್ಲ ಬೈದು ಮುಗಿಸಿದ್ದ. ಈಗ ಜೀವ ಬಂದಂತಾಗಿ, ‘ಎಲ್ಲೈತ್ರಿ ಟೀಚರಮ್ಮ?’ ಎಂದು ಲಾನಿಗೆ ಇಳಿದ.

‘ಅಲ್ಲೇ, ನಿಮ್ಮ ಕಾಲ ಹತ್ರ. ಭಾಳ ಅವ.’

‘ಭಾಳ ಅಲ್ರಿ, ಹೋಗಿದ್ದು ಒಂದ. ಐದು ಟನ್ನಿಂದು.’

ಗಂಗಾಬಾಯಿ ಕನ್ನಡಕ ಸರಿಮಾಡಿಕೊಂಡಳು. ಹೊನ್ನೂರಪ್ಪ ಮೊಣಕಾಲೂರಿ ಹುಲ್ಲನ್ನು ಎರಡೂ ಕೈಯಿಂದ ತಡವತೊಡಗಿದ. ಹುಲುಗಮ್ಮ ಹೊರಗೆ ಬಂದು, ಗಂಡ ಅಂಬೆಗಾಲಲ್ಲಿ ಇರುವುದನ್ನು ಕಂಡು, ಕಂಬಕ್ಕೆ ಒರಗಿ ನಿಂತಳು.

‘ಏನು ಹುಡುಕ್ತೀರಿ?’ ಗಂಗಾಬಾಯಿ ಕೇಳಿದಳು.

‘ಜಾಕು.’

‘ಜಾಕು ಅಲ್ರಿ, ಜೇಕು. ಕಸ ಅದು. ಗದ್ದ್ಯಾಗ ಬರ್ತದಲ್ಲ, ಅದು. ನೀವು ಕೈಯಾಗ ಹಿಡಕೊಂಡೀರಿ ನೋಡ್ರಿ, ಅದೇ.’

ಹೊನ್ನೂರಪ್ಪನ ಕೈಯಲ್ಲಿದ್ದದ್ದು ಯೂರಿಯಾ ಉಂಡು ಕೊಬ್ಬಿದ ಅಸಲಿ ಜಾತಿ.

‘ಅದರ ಕಡ್ಡಿ ಬೆರಳಾಗ ಹೊರಳಿಸ್ರಿ. ಹುಲ್ಲಿನ ಕಡ್ಡಿ ದುಂಡಗ ಇರ್ತದ. ಇದು ಮೂರು ಮೂಲಿ.’

ಹೊರಳಿಸಿದ. ದುಂಡಗೆ ಉರುಳಲಿಲ್ಲ, ಬೆರಳಿಗೆ ಮೂರು ಅಂಚು ತಾಗಿದವು, ಗ್ಯಾರೇಜಿನ ಮೂರು ಮೂಲೆಯ ಅರದ ಹಾಗೆ. ಎಲೆಗಳೂ ಮೂರು ದಿಕ್ಕಿಗೆ. ಜಗ್ಗಿದ, ಪಟ್ಟನೆ ಕಿತ್ತು ಬಂತು. ಅಷ್ಟೇನಾ ಅಂದ. ಗಂಗಾಬಾಯಿ ಬೆರಳಿನಿಂದ ಇನ್ನೂ ಕೆಳಗೆ ಅಂತ ತೋರಿಸಿದಳು. ಜೇಬಿನಲ್ಲಿದ್ದ ಸ್ಕ್ರೂಡ್ರೈವರಿನಿಂದ ಅಗೆದರೆ ನೂಲಿನಂಥ ಬೇರು, ಬೇರಿನ ತುದಿಗೆ ಕಪ್ಪು ಗಡ್ಡೆ. ಗಡ್ಡೆಯಿಂದ ಮತ್ತೊಂದು ನೂಲು, ಮತ್ತೊಂದು ಗಡ್ಡೆ. ಮುರಿದರೆ ಘಮ್ಮೆಂದಿತು.

‘ನಮ್ಮಮ್ಮ ಇದನ್ನ ಸೀಗೆಪುಡಿಯಾಗ ಹಾಕ್ತಿದ್ರು. ವಾಸನಿ ಛಲೋ’ ಅಂದಳು ಗಂಗಾಬಾಯಿ. ‘ಮ್ಯಾಲೆ ಕಿತ್ರ ಏನೂ ಉಪಯೋಗಿಲ್ಲ. ಗಡ್ಡಿ ಒಳಗ ಉಳೀತಂದ್ರ ಒಂದಕ್ಕ ನಾಕು ಏಳ್ತಾವ.’

ಹೊನ್ನೂರಪ್ಪ ಸ್ಕ್ರೂಡ್ರೈವರ್ ಒಗೆದ. ಅದು ಗಂಗಾಬಾಯಿಯ ತುಳಸಿಯ ಬುಡಕ್ಕೆ ಬಿತ್ತು. ಆಕೆ ತೆಗೆದು, ‘ತಗೋರಿ’ ಎಂದು ಗೋಡೆಯ ಮೇಲಿಟ್ಟಳು.

ಮಾರೇಶನಿಗೆ ಫೋನು ಹೋಯಿತು.

‘ಲೇ ಮಾರೇಶ, ನೀ ಕೊಟ್ಟಿದ್ದು ಮಣ್ಣೋ, ಜೇಕಿನ ಗೋಡೌನೋ?’

ಆಕಡೆಯಿಂದ ಮೊದಲು ನಗು ಬಂತು, ಹಿಂದೆ ಮಾತು. ‘ಈಗ ಗೊತ್ತಾತೇನಲೇ? ಎಷ್ಟು ಗೊಬ್ಬರ ಹಾಕ್ದಿ?’

‘ನೀನು ನೋಡಿ ನೋಡಿ ನೀರು ಬಿಡು ಅಂದೆಲ್ಲ.’

‘ನಿನಗ ಅಷ್ಟು ಖುಷಿ ಆಗಿತ್ತು, ಯಾಕ ಕೆಡಿಸ್ಲಿ ಅಂತ ಬಿಟ್ಟೆ. ಕೇಳು, ನಮ್ಮಪ್ಪನ ಕಾಲದಿಂದ ನಾವು ಅದರ ಕೂಡ ಗುದ್ದಾಡಾಕ ಹತ್ತೀವಿ. ನಿನ್ನ ಕೈಲಿಂದ ಆಗಾಂಗಿಲ್ಲ. ಎರಡು ಹಂದಿ ಬಿಡು, ಅವ ಗಡ್ಡಿ ತಿಂತಾವ. ಹುಲ್ಲಿನ ಮ್ಯಾಲೆ ನಿನ್ನ ಜೊತಿಗೆ ಊಟಕ್ಕೂ ಕುಂದ್ರತಾವ.’

ಹೊನ್ನೂರಪ್ಪನ ಕಿವಿ ಕೆಂಪಾಯಿತು. ಪಂದ್ಯ ಕಟ್ಟಿದ. ದೀಪಾವಳಿ ಪಾಡ್ಯಕ್ಕೆ ಕಂಪ್ಲಿಯ ಇಡೀ ಮನೆ ಚಿತ್ತವಾಡ್ಗಿಗೆ ಊಟಕ್ಕೆ ಬರಬೇಕು. ಅವತ್ತು ಲಾನಿನಲ್ಲಿ ಒಂದೇ ಒಂದು ಜೇಕು ಇಲ್ಲದಿದ್ದರೆ, ಮಾರೇಶ ಎಲ್ಲರ ಮುಂದೆ ‘ಬರ್ರಿ ಹೊನ್ನೂರಪ್ನೋರೆ, ಕುಂದ್ರಿ’ ಅನ್ನಬೇಕು.

‘ಇದ್ರ?’ ಅಂದ ಮಾರೇಶ.

‘ಇದ್ರ ನಾನು ಅಂತೀನಿ ನಿನಗ. ಬರ್ರಿ ಮಾರೇಶಪ್ನೋರೆ ಅಂತ.’

‘ಅಂದು ರೂಢಿ ಮಾಡಿಕೋತಾ ಇರು’ ಎಂದು ಫೋನು ಇಟ್ಟ.

ಅವತ್ತಿನಿಂದ ಹೊನ್ನೂರಪ್ಪನಿಗೆ ಗ್ಯಾರೇಜು ಎರಡನೆಯದಾಯಿತು. ಮೊದಲು ಸಿಟ್ಟಿನಿಂದ ಕಿತ್ತ. ಗಂಗಾಬಾಯಿ ಹೇಳಿದಂತೆಯೇ ಒಂದಕ್ಕೆ ನಾಲ್ಕು ಎದ್ದವು. ಆಮೇಲೆ ಒಂದು ಮೂಲೆಗೆ ಸುಟ್ಟ ಇಂಜಿನ್ ಆಯಿಲ್ ಸುರಿದ. ಹುಲ್ಲು ಸತ್ತಿತು, ಜೇಕು ಕೆಲವು ದಿನ ಯೋಚನೆ ಮಾಡಿ ಮತ್ತೆ ಬಂತು. ಆ ಮೂಲೆಯ ಎಣ್ಣೆಮಣ್ಣನ್ನು ಅಗೆದು ಹೊರಗೆ ಹಾಕಿ ಹೊಸ ಹುಲ್ಲು ತಂದು ತೇಪೆ ಹಚ್ಚಬೇಕಾಯಿತು. ಮೂರನೆಯದಾಗಿ, ಬಿಸಿಲೇ ಇಲ್ಲದಂತೆ ಮಾಡಿ ಸಾಯಿಸುತ್ತೇನೆಂದು ಕರಿ ಪ್ಲಾಸ್ಟಿಕ್ ಹಾಳೆ ಹೊದಿಸಿ ಸುತ್ತ ಕಲ್ಲಿಟ್ಟ. ಒಂದು ಮುಂಜಾನೆ ನೋಡಿದರೆ ಹಾಳೆಯಲ್ಲಿ ತೂತುಗಳು. ಪ್ರತಿ ತೂತಿನಿಂದ ಸೂಜಿಯಂಥ ಒಂದು ಹಸಿರು ತುದಿ ಇಣುಕುತ್ತಿತ್ತು. ಕೆಳಗೆ ಹಾಸಿದ ಹುಲ್ಲು ಹಳದಿಗೆ ತಿರುಗಿತ್ತು.

‘ಟೀಚರಮ್ಮ, ನನ್ನ ಕಿವಿ ಸರಿಯಾಗೇ ಕೇಳಿಸ್ಕೊಂಡಿತ್ತು’ ಅಂದ ಆತ ಗೋಡೆಯಾಚೆಗೆ. ‘ಇದು ಜಾಕೇ.’

ಸಿಟ್ಟು ಇಳಿದದ್ದು ಅಲ್ಲಿಂದ. ಕೆಟ್ಟ ಇಂಜಿನ್ನಿನ ಮುಂದೆ ಬೈದುಕೊಂಡು ನಿಂತರೆ ಅದು ಚಾಲೂ ಆಗುವುದಿಲ್ಲ, ಬಿಚ್ಚಿ ನೋಡಬೇಕು ಎನ್ನುವುದು ಆತನಿಗೆ ಗೊತ್ತಿರುವ ವಿದ್ಯೆ. ಹಾಳೆ ಸುತ್ತಿ ಅಟ್ಟಕ್ಕೆ ಹಾಕಿದ. ನೆಲ ಒದ್ದೆಯಿರುವಾಗ ಉದ್ದನೆಯ ಸ್ಕ್ರೂಡ್ರೈವರ್ ಹಿಡಿದು, ಎಳೆಯ ಪಕ್ಕಕ್ಕೆ ಆಳವಾಗಿ ಚುಚ್ಚಿ, ಮಣ್ಣು ಸಡಿಲ ಮಾಡಿ, ನೂಲು ಹರಿಯದಂತೆ ಗಡ್ಡೆಯನ್ನು ಹಿಡಿದು, ಗಡ್ಡೆಯ ಹಿಂದಿನ ಗಡ್ಡೆಯನ್ನೂ ಹಿಡಿದು ತೆಗೆಯುವುದನ್ನು ಕಲಿತ. ಎಳೆಗೆ ನಾಲ್ಕೈದು ಎಲೆ ಬರುವ ಮೊದಲೇ ತೆಗೆದರೆ ಹೊಸ ಗಡ್ಡೆ ಕಟ್ಟುವುದಿಲ್ಲ ಎಂಬುದು ಅಗೆದು ಅಗೆದೇ ತಿಳಿಯಿತು. ಜೇಕಿಗೆ ಜೌಗು ಅಂದರೆ ಪ್ರಾಣ ಎಂದು ಗಂಗಾಬಾಯಿ ಹೇಳಿದ್ದಕ್ಕೆ ದಿನದ ನೀರು ನಿಲ್ಲಿಸಿದ. ಯಾವಾಗಲೋ ಒಮ್ಮೆ ಬಿಟ್ಟರೆ ಚೆನ್ನಾಗಿ ನೆನೆಯುವಂತೆ ಬಿಟ್ಟ. ಹುಲ್ಲನ್ನು ಬೋಳು ತಲೆಯಂತೆ ಕತ್ತರಿಸುವುದನ್ನೂ ಬಿಟ್ಟು, ಸ್ವಲ್ಪ ಎತ್ತರ ಬಿಟ್ಟ. ಹುಲ್ಲು ದಟ್ಟವಾಗಿ ನೆರಳು ಕಟ್ಟಿತು, ಜೇಕಿಗೆ ಬಿಸಿಲು ತಪ್ಪಿತು.

ಗೊಬ್ಬರದ ಅಂಗಡಿಯವನು, ‘ಎಲ್ಲಾ ಸಾಯೋ ಔಷಧಿ ಹೊಡದ್ರ ನಿನ್ನ ಲಾನೂ ಹೋಕ್ಕೈತಿ. ಜೇಕಿಗೇ ಅಂತ ಬ್ಯಾರೆ ಬರ್ತೈತಿ’ ಎಂದು ಒಂದು ಪೊಟ್ಟಣ ಕೊಟ್ಟ. ಅದರ ಮೇಲಿದ್ದ ಸಣ್ಣಕ್ಷರವನ್ನು ಗಂಗಾಬಾಯಿ ಓದಿ ಹೇಳಿದಳು. ಅಳತೆ ಮೀರದಂತೆ ಒಮ್ಮೆ ಹೊಡೆದ. ಮರುದಿನ ನೋಡಿದ, ಜೇಕು ನಗುತ್ತಿತ್ತು. ಅದರ ಮರುದಿನವೂ ನಗುತ್ತಿತ್ತು. ಅಂಗಡಿಗೆ ಹೋಗಿ ಜಗಳವಾಡಿ ಬಂದ. ಔಷಧಿ ನಿಧಾನದ್ದು, ವಾರಗಟ್ಟಲೆ ಬೇಕು ಎಂದು ಅಂಗಡಿಯವನು ಕೈಮುಗಿದು ಹೇಳಿದ. ದಸರೆಯ ಹೊತ್ತಿಗೆ ಜೇಕು ಹಳದಿಯಾಗಿ ಒರಗಿತು. ಉಳಿದದ್ದಕ್ಕೆ ಸ್ಕ್ರೂಡ್ರೈವರ್ ಇದ್ದೇ ಇತ್ತು.

ಪಾಡ್ಯದ ಹಿಂದಿನ ಸಂಜೆ ಹೊನ್ನೂರಪ್ಪ ಲಾನಿನ ಮೇಲೆ ಮಂಡಿಯೂರಿ, ಮೂಲೆಯಿಂದ ಮೂಲೆಗೆ ಹರಿದಾಡಿ ನೋಡಿದ. ಒಂದೂ ಇಲ್ಲ. ಮಾರೇಶನ ಬಾಯಿಂದ ‘ಬರ್ರಿ’ ಬೀಳುವುದನ್ನು ನೆನೆಸಿಕೊಂಡು, ಆತ ಅಂದು ಒಂದು ರೊಟ್ಟಿ ಜಾಸ್ತಿ ಉಂಡ.

ಪಾಡ್ಯದ ಬೆಳಿಗ್ಗೆ ಈ ಕಡೆಯ ಮನೆಗಳಲ್ಲಿ ಸಗಣಿಯ ಪಾಂಡವರನ್ನು ಇಡುತ್ತಾರೆ. ಮುಷ್ಟಿಗಾತ್ರದ ಸಗಣಿಯ ಗೋಪುರಗಳು, ತಲೆಗೆ ಚೆಂಡು ಹೂವು, ಉತ್ತರಾಣಿ ಕಡ್ಡಿ. ಬಾಗಿಲಿಗೆ, ಅಂಗಳಕ್ಕೆ ಇಟ್ಟು ಪೂಜೆ ಮಾಡಿದ ಮೇಲೆ ಮರುದಿನದ ತನಕ ಯಾರೂ ಮುಟ್ಟುವಂತಿಲ್ಲ. ಗಂಡ ಸ್ನಾನಕ್ಕೆ ಹೋದಾಗ ಹುಲುಗಮ್ಮ ಪಾಂಡವರನ್ನು ಇಟ್ಟು ಮುಗಿಸಿದ್ದಳು.

ಕಂಪ್ಲಿಯವರು ಬಂದರು. ಮಾರೇಶ ಯಾರನ್ನೂ ಮಾತಾಡಿಸದೆ ನೇರ ಲಾನಿಗೆ ಇಳಿದು ಕುಕ್ಕರುಗಾಲಲ್ಲಿ ಕೂತ. ಸಾಲು ಹಿಡಿದು ಹುಡುಕಿದ. ಅಳಿಯಂದಿರ ಮನೆಯ ಹುಲ್ಲಿನಲ್ಲಿ ಮಗ ಏನು ಹುಡುಕುತ್ತಿದ್ದಾನೆಂದು ಮುದುಕಿ ಅತ್ತೆ ಕೇಳಿದಳು. ಹೊನ್ನೂರಪ್ಪ ಹೊಸ ಅಂಗಿಯ ತೋಳು ಮಡಿಚಿಕೊಂಡು ಗೇಟಿಗೆ ಒರಗಿ ನಿಂತಿದ್ದ. ನಿಲುವಿನಲ್ಲೇ ಆತ ಸಂಡೂರಿನ ಸಾಹೇಬನಾಗಿದ್ದ.

ಮಾರೇಶ ಎದ್ದ. ಕೈ ಜಾಡಿಸಿಕೊಂಡ. ಬಾಯಿ ತೆರೆದ. ಆದರೆ ಬಂದದ್ದು ‘ಬರ್ರಿ’ ಅಲ್ಲ.

‘ತಂಗಿ, ಪಾಂಡವ್ರು ಎಷ್ಟು ಮಂದಿ?’

‘ಐದು’ ಅಂದಳು ಹುಲುಗಮ್ಮ ಒಳಗಿನಿಂದ.

‘ಬಾಗಿಲಿಗೆ ಐದು ಅದಾವ. ಹುಲ್ಲಿನ ನಟ್ಟನಡುವೆ ಇದೊಂದು ಯಾರು?’

ಹೊನ್ನೂರಪ್ಪ ಅದನ್ನು ನೋಡಿದ್ದೇ ಆಗ. ಲಾನಿನ ನಡುಮಧ್ಯದಲ್ಲಿ, ಯಾವ ಶಾಸ್ತ್ರಕ್ಕೂ ಸಂಬಂಧವಿಲ್ಲದ ಜಾಗದಲ್ಲಿ, ಮಿಕ್ಕವರಿಗಿಂತ ದಪ್ಪಗಿದ್ದ ಆರನೆಯವನೊಬ್ಬ ಕೂತಿದ್ದ. ತಲೆಯ ತುಂಬ ಹೂವು. ಹುಲುಗಮ್ಮ ಲಟ್ಟಣಿಗೆ ಹಿಡಿದೇ ಹೊರಗೆ ಬಂದಳು. ಮುಖ ದೇವರ ಮುಂದೆ ನಿಂತಷ್ಟು ಶಾಂತ.

‘ಅವನು ಕರ್ಣ, ಅಣ್ಣ. ಅವನೂ ಕುಂತಿ ಮಗನ ಅಲ್ಲೇನು? ಪಾಪ, ಎಲ್ಲರೂ ಹೊರಗ ಇಟ್ಟಾರ. ಈ ವರ್ಷ ನಾನು ಒಳಗ ಕರ್ಕೊಂಡೆ.’

‘ಎತ್ತು ನೋಡಾನ.’

‘ಪೂಜಿ ಆಗೇತಿ. ನೀನು ಎತ್ತು, ಪಾಪ ನಿನಗ ಬರ್ಲಿ.’

ಮುದುಕಿ ಅತ್ತೆ ಅಷ್ಟರಲ್ಲಿ ಕರ್ಣನಿಗೂ ಕೈಮುಗಿದುಬಿಟ್ಟಿದ್ದಳು. ಗೋಡೆಯಾಚೆಯಿಂದ ಗಂಗಾಬಾಯಿ, ‘ಮುಟ್ಟಬಾರದು ನೋಡ್ರಿ’ ಅಂದಳು. ಮಾರೇಶ ಕರ್ಣನ ಸುತ್ತ ಒಂದು ಪ್ರದಕ್ಷಿಣೆ ಬಂದ, ಭಕ್ತಿಯಿಂದಲ್ಲ. ಹೊನ್ನೂರಪ್ಪ ಹೆಂಡತಿಯ ಕಡೆ ನೋಡಿದ. ಆಕೆ ಲಟ್ಟಣಿಗೆಯ ಹಿಟ್ಟು ಒರೆಸುತ್ತಿದ್ದಳು.

‘ನಾಳಿ ಎತ್ತಿದಾಗ ಏನ್ ಇರ್ತೈತೋ ನೋಡಿ, ಆಮ್ಯಾಲೆ ರಿ ಅನ್ನೋದು’ ಅಂದ ಮಾರೇಶ. ಪಂದ್ಯದ ಮಾತನ್ನು ಅಲ್ಲಿಗೇ ನಿಲ್ಲಿಸಿದ. ಎಲ್ಲರೂ ಹುಲ್ಲಿನ ಮೇಲೆ ಪಂಕ್ತಿ ಕೂತರು, ಕರ್ಣನಿಗೆ ಜಾಗ ಬಿಟ್ಟು. ಹೋಳಿಗೆ ಹೊನ್ನೂರಪ್ಪನ ಎಲೆಗೆ ಬಂದಾಗ ಬಡಿಸುತ್ತಿದ್ದವನು ಮಾರೇಶ. ‘ಉಣ್ಣಲೇ’ ಅನ್ನಲಿಲ್ಲ. ‘ಉಣ್ರಿ’ ಅನ್ನಲೂ ಇಲ್ಲ. ತುಪ್ಪದ ಮಿಳ್ಳೆ ಹಿಡಿದು ಒಂದು ಗಳಿಗೆ ಒದ್ದಾಡಿ, ‘ಇನ್ನೊಂದು ಹಾಕೋದೇನು?’ ಅಂದ.

‘ಹಾಕೋದು’ ಅಂದ ಹೊನ್ನೂರಪ್ಪ.

ಸಂಜೆಗೆ ಎಮ್ಮೆ ಹಿಂಡಬೇಕೆಂದು ಕಂಪ್ಲಿಯವರು ಹೊರಟುಹೋದರು. ಮರುದಿನ ಬೆಳಿಗ್ಗೆ ಹೊನ್ನೂರಪ್ಪ ಒಬ್ಬನೇ ಲಾನಿಗೆ ಇಳಿದು ಕರ್ಣನನ್ನು ಎರಡೂ ಕೈಯಿಂದ ಎತ್ತಿದ. ಕೆಳಗೆ ಬಿಳುಚಿಕೊಂಡ, ಡೊಂಕಾದ, ಆದರೂ ಜೀವವಿದ್ದ ಒಂದು ಎಳೆ. ಬೆರಳಿನಲ್ಲಿ ಹೊರಳಿಸಿದ. ಮೂರು ಮೂಲೆ. ಗಡ್ಡೆಸಮೇತ ಅಗೆದು ತೆಗೆದ, ಮೂಸಿದ, ಜೇಬಿಗೆ ಹಾಕಿಕೊಂಡ.

ಫೋನು ಬಂತು. ‘ಕರ್ಣನ ಕೆಳಗ ಏನಿತ್ತು?’

‘ಮಣ್ಣು’ ಅಂದ ಹೊನ್ನೂರಪ್ಪ. ‘ಕಂಪ್ಲಿ ಮಣ್ಣು.’

ಮಾರೇಶ ನಂಬಲಿಲ್ಲ, ಸುಳ್ಳೆಂದು ತೋರಿಸಲೂ ಆಗಲಿಲ್ಲ. ಅವತ್ತಿನಿಂದ ಅವನ ಬಾಯಿಂದ ‘ಲೇ’ ಹೋಯಿತು, ‘ರಿ’ ಬರಲಿಲ್ಲ. ‘ಬಂದಿದ್ದು ಯಾವಾಗ?’ ‘ಚಾ ಕುಡಿಯೋದೇನು?’ ‘ಆರಾಮ ಐತಲ್ಲ?’ ಹೀಗೆ ಕ್ರಿಯಾಪದದ ಬಾಲ ಕತ್ತರಿಸಿಯೇ ಮಾತಾಡುತ್ತಾನೆ. ಹೊನ್ನೂರಪ್ಪನೂ ಅದೇ ಧಾಟಿ ಹಿಡಿದ, ಯಾಕೆಂದರೆ ಲೆಕ್ಕದ ಪ್ರಕಾರ ‘ಬರ್ರಿ ಮಾರೇಶಪ್ನೋರೆ’ ಅನ್ನಬೇಕಾದವನು ತಾನು. ಇಬ್ಬರೂ ಹೀಗೆ ಮಾತಾಡುವುದನ್ನು ಕೇಳಿದರೆ ಎದುರಿಗೆ ಯಾರೂ ಇಲ್ಲವೇನೋ ಅನ್ನಿಸುತ್ತದೆ. ‘ಲೇ ಅಂದಿದ್ರ ಬೈಯಾಕಾದ್ರೂ ಬರ್ತಿತ್ತು’ ಎಂದು ಹೊನ್ನೂರಪ್ಪ ಒಮ್ಮೆ ಹೆಂಡತಿಯ ಮುಂದೆ ಗೊಣಗಿದ.

‘ಕೊಡೋದು ಕೊಟ್ಟು ಮುಗಿಸ್ರಿ ಹಂಗಾದ್ರ’ ಅಂದಳು ಹುಲುಗಮ್ಮ.

ಆತ ಪಾನಾ ಹುಡುಕಿದ, ಒಗೆಯಲು. ಕೈಗೆ ಸಿಗಲಿಲ್ಲ.

ಆಮೇಲಿನ ದೀಪಾವಳಿಗಳಲ್ಲೂ ಆ ಮನೆಯಲ್ಲಿ ಆರು ಪಾಂಡವರೇ. ಲಾನಿನಲ್ಲಿ ಜೇಕು ಇರಲಿ, ಇಲ್ಲದಿರಲಿ, ಹುಲುಗಮ್ಮ ನಡುಮಧ್ಯೆ ಕರ್ಣನನ್ನು ಇಡುತ್ತಾಳೆ. ಮಾರೇಶ ಬಂದವನು ಮೊದಲು ಎಣಿಸುತ್ತಾನೆ, ಆಮೇಲೆ ಹೊನ್ನೂರಪ್ಪನ ಮುಖ ನೋಡುತ್ತಾನೆ. ಹೊನ್ನೂರಪ್ಪ ಗಂಟಲು ಸರಿಮಾಡಿಕೊಂಡು, ‘ಬ...’ ಎಂದು ಶುರುಮಾಡಿ, ‘ಬಂದಿದ್ದು ಛಲೋ ಆತು’ ಎಂದು ಮುಗಿಸುತ್ತಾನೆ.